ತೊಗರಿ ಬೆಳೆಯೋರಿಗೆ ಪಾಠ ಆಯ್ತು, ಕೊಳ್ಳೋರಿಗೆ ಯಾವಾಗ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಬಸ್ಸಿನ ಕಿಟಕಿ ಪಕ್ಕ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ, ಟ್ರ್ಯಾಕ್ಟರ್ ಮೇಲೆ ಫೋನ್ ಸಿಗಿಸಿ ಕೇಳೋರಿಗೆ, ಬೆಂಗಳೂರಿನ ಪಿಜಿ ರೂಮಿನಲ್ಲಿ ಕೂತು ನಮ್ಮ ಕಡೆ ಸುದ್ದಿ ಕೇಳೋ ಕಲಬುರಗಿ ಹುಡುಗ ಹುಡುಗಿಯರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ತೊಗರಿ. ಸ್ಕಿಪ್ ಮಾಡಬ್ಯಾಡ್ರಿ, ಸ್ವಲ್ಪ ತಡೀರಿ. ತೊಗರಿಗೆ ರೋಗ ಬಂತು, ರೇಟ್ ಬಿತ್ತು ಅನ್ನೋ ಸುದ್ದಿ ನಿಮಗೆ ದಿನಾ ಸಿಗುತ್ತೆ. ನಾನು ಇವತ್ತು ಮಾತಾಡೋದು ತೊಗರಿ ಕೊಳ್ಳೋರ ಬಗ್ಗೆ, ಅದನ್ನ ಬೇಳೆ ಮಾಡೋರ ಬಗ್ಗೆ. ಅವರಿಗೆ ನಮ್ಮ ಮಾಲಿನ ಬಗ್ಗೆ ಎಷ್ಟು ಗೊತ್ತು? ಗೊತ್ತಿಲ್ಲದಿದ್ದರೆ ಅದರ ಖರ್ಚು ಯಾರ ತಲೆ ಮೇಲೆ ಬೀಳುತ್ತೆ?

ಮೊದಲು ಒಂದು ಲೆಕ್ಕ ಹಾಕೋಣ. ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕಿನ ಒಬ್ಬ ತೊಗರಿ ರೈತನಿಗೆ ಇಲ್ಲಿವರೆಗೆ ಏನೇನು ಪಾಠ ಆಗಿದೆ? ಬೀಜೋಪಚಾರ ಮಾಡ್ರಿ, ಕುಡಿ ಚಿವುಟ್ರಿ, ಕಾಯಿಕೊರಕಕ್ಕೆ ಯಾವಾಗ ಔಷಧಿ ಹೊಡೀಬೇಕು, ನೆಟೆ ರೋಗ ತಡೆಯೋ ತಳಿ ಯಾವುದು, ಹೂ ಉದುರದ ಹಾಗೆ ರಾಯಚೂರು ಕೃಷಿ ವಿವಿಯ ಪಲ್ಸ್ ಮ್ಯಾಜಿಕ್ ಹೇಗೆ ಸಿಂಪಡಿಸಬೇಕು. ಎಲ್ಲಾ ಒಳ್ಳೇ ಪಾಠ, ಬೇಕೇ ಬೇಕು. ಆದರೆ ಆ ರೈತ ಎಳ್ಳ ಅಮವಾಸ್ಯೆ ಮುಗಿಸಿ, ರಾಶಿ ಮಾಡಿ, ಚೀಲ ಹೊಲಿದು ಕಲಬುರಗಿ ನೆಹರು ಗಂಜ್‌ಗೋ, ಗಡಿ ದಾಟಿ ದುಧನಿಗೋ, ಸೊಲ್ಲಾಪುರಕ್ಕೋ ಹೋದಾಗ ಎದುರಿಗೆ ನಿಂತಿರುವ ಖರೀದಿದಾರನಿಗೆ ಯಾರು ಪಾಠ ಮಾಡಿದ್ದಾರೆ? ಅವನು ಕಲಿತದ್ದು ಅವರಪ್ಪನ ಅಡತಿ ಅಂಗಡಿಯಲ್ಲಿ. ಮುಷ್ಟಿಯಲ್ಲಿ ಕಾಳು ಹಿಡಿದು, ಒಂದು ಕಾಳು ಹಲ್ಲಲ್ಲಿ ಕಡಿದು, "ಹಸಿ ಅದ" ಅಂದುಬಿಟ್ಟರೆ ಮುಗೀತು, ರೇಟ್ ಇಳೀತು.

ಕಡಿದು ನೋಡೋ ಅನುಭವ ಸುಳ್ಳು ಅಂತ ನಾನು ಹೇಳ್ತಿಲ್ಲ. ಮೂವತ್ತು ವರ್ಷ ಕಾಳು ಕಡಿದವರ ಹಲ್ಲು ಚೆನ್ನಾಗೇ ಹೇಳುತ್ತೆ. ಆದರೆ ಹಲ್ಲು ರಸೀದಿ ಕೊಡಲ್ಲ. ರೈತ ಅದನ್ನ ಪ್ರಶ್ನೆ ಮಾಡೋ ಹಾಗಿಲ್ಲ.

ಅಮೆರಿಕದ ಒಂದು ಶಾಲೆ

ಈಗ ಸ್ವಲ್ಪ ದೂರ ಹೋಗೋಣ. ಅಮೆರಿಕದ ಉತ್ತರ ಡಕೋಟಾ ರಾಜ್ಯದಲ್ಲಿ ಫಾರ್ಗೋ ಅನ್ನೋ ಊರಿದೆ. ಚಳಿಗಾಲದಲ್ಲಿ ಹಿಮ ಬೀಳೋ, ಕಣ್ಣು ಹಾಯಿಸಿದಷ್ಟು ದೂರ ಹೊಲಾನೇ ಕಾಣೋ ಸೀಮೆ. ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ ನಾರ್ದರ್ನ್ ಕ್ರಾಪ್ಸ್ ಇನ್‌ಸ್ಟಿಟ್ಯೂಟ್ ಅಂತ ಒಂದು ಸಂಸ್ಥೆ ಇದೆ. ಅದರ ಕೆಲಸ ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತೆ. ಅದು ಬೇರೆ ದೇಶದ ಖರೀದಿದಾರರನ್ನ, ಹಿಟ್ಟಿನ ಗಿರಣಿಯವರನ್ನ, ಪಶು ಆಹಾರ ತಯಾರಿಸೋರನ್ನ ಕರೆಸಿ ಪಾಠ ಮಾಡುತ್ತೆ. ಗೋಧಿ, ಸೋಯಾಬೀನ್, ಬಟಾಣಿ, ಹೀಗೆ ಆ ಸೀಮೆಯ ಬೆಳೆಗಳನ್ನ ಹೇಗೆ ಕೊಳ್ಳಬೇಕು, ಹೇಗೆ ಸಾಗಿಸಬೇಕು, ಗಿರಣಿಯಲ್ಲಿ ಹೇಗೆ ಬಳಸಬೇಕು ಅಂತ.

ತರಗತಿ ಅಂದ್ರೆ ಬರೀ ಪಿಪಿಟಿ ಅಲ್ಲ. ಅದರೊಳಗೇ ಸಣ್ಣ ಗಿರಣಿ ಇದೆ, ಬೇಕರಿ ಲ್ಯಾಬ್ ಇದೆ, ಪಾಸ್ತಾ ಮಾಡೋ ಯಂತ್ರ ಇದೆ. ಬಂದವರು ಅಲ್ಲೇ ಬೀಸಿ, ಬೇಯಿಸಿ ನೋಡ್ತಾರೆ. ಇನ್ನೊಂದು ಪಾಠ ನನ್ನಂಥ ಕಾಮರ್ಸ್ ಓದಿದವರಿಗೆ ತುಂಬಾ ಇಷ್ಟ ಆಗೋದು: ಖರೀದಿ ಒಪ್ಪಂದ ಬರೆಯೋದು ಹೇಗೆ? ತೇವಾಂಶ ಎಷ್ಟರೊಳಗೆ ಇರಬೇಕು, ಪ್ರೋಟೀನ್ ಎಷ್ಟು, ಕಸ ಎಷ್ಟು, ವಾಯಿದಾ ಪೇಟೆಯ ಬೆಲೆಗೂ ಊರಿನ ಬೆಲೆಗೂ ಇರೋ ಅಂತರ ಏನು, ಹಡಗಿನ ಬಾಡಿಗೆ ಹೇಗೆ ಸೇರಿಸಬೇಕು.

ಕೆನಡಾದವರು ಇದಕ್ಕೂ ಮುಂಚೆ ಶುರು ಮಾಡಿದ್ದರು. ವಿನ್ನಿಪೆಗ್ ನಗರದಲ್ಲಿ 1972ರಲ್ಲೇ ಕೆನಡಿಯನ್ ಇಂಟರ್‌ನ್ಯಾಷನಲ್ ಗ್ರೇನ್ಸ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಈಗ ಅದು ಸೀರಿಯಲ್ಸ್ ಕೆನಡಾ ಅನ್ನೋ ಸಂಸ್ಥೆಯ ಜೊತೆ ಸೇರಿದೆ. ಬೇಳೆಕಾಳಿಗೆ ಅಂತಾನೇ ಪಲ್ಸ್ ಕೆನಡಾ ಅನ್ನೋದು ಬೇರೆ ಇದೆ. ಇಂಥ ಕೆಲಸಕ್ಕೆ ಅಲ್ಲಿ ರೊಕ್ಕದ ಒಂದು ಮುಖ್ಯ ಮೂಲ ರೈತರೇ. ಮಾರಿದ ಮಾಲಿನ ಮೇಲೆ ಸಣ್ಣದೊಂದು ವಂತಿಗೆ ಮುರಿದುಕೊಳ್ಳುತ್ತಾರೆ. ಅದು ಸಂಶೋಧನೆಗೆ, ಮಾರುಕಟ್ಟೆ ಬೆಳೆಸೋದಕ್ಕೆ ಹೋಗುತ್ತೆ.

ಯೋಚನೆ ಮಾಡ್ರಿ. ರೈತ ತನ್ನ ಜೇಬಿಂದ ರೊಕ್ಕ ಕೊಟ್ಟು ಕೊಳ್ಳೋರಿಗೆ ಪಾಠ ಹೇಳಿಸ್ತಾನೆ! ನಮ್ಮೂರ ಕಟ್ಟೆ ಮೇಲೆ ಇದನ್ನ ಹೇಳಿದರೆ, "ತಲಿ ಕೆಟ್ಟದೇನೋ ತಮ್ಮ, ನಾವೇ ಕೊಟ್ಟು ಅವರಿಗೇ ಕಲಿಸಬೇಕಾ?" ಅಂತಾರೆ. ಆದರೆ ಅಲ್ಲಿ ಯಾರ ತಲೇನೂ ಕೆಟ್ಟಿಲ್ಲ. ಅದರ ಹಿಂದೆ ಪಕ್ಕಾ ಲೆಕ್ಕ ಇದೆ.

ಅನುಮಾನಕ್ಕೂ ಒಂದು ಬೆಲೆ

ಆ ಲೆಕ್ಕ ನಮ್ಮ ತೊಗರಿ ಮೇಲೇ ಹಾಕೋಣ. ಇದು ಉದಾಹರಣೆ ಮಾತ್ರ, ಇವತ್ತಿನ ಪೇಟೆ ಧಾರಣೆ ಅಂತ ತಿಳ್ಕೋಬ್ಯಾಡ್ರಿ.

ಬೆಂಬಲ ಬೆಲೆ ಖರೀದಿಯಲ್ಲಿ ತೊಗರಿಯ ತೇವಾಂಶ ಶೇ. 12 ದಾಟಬಾರದು ಅನ್ನೋ ನಿಯಮ ಇದೆ. ನಿಮ್ಮ ಮಾಲು ಶೇ. 14 ಇದೆ ಅಂದುಕೊಳ್ಳಿ. ಒಂದು ಕ್ವಿಂಟಲ್‌ನಲ್ಲಿ 14 ಕೆಜಿ ನೀರು, 86 ಕೆಜಿ ಒಣ ಕಾಳು. ಅದನ್ನ ಶೇ. 12ಕ್ಕೆ ಒಣಗಿಸಿದರೆ ತೂಕ ಎಷ್ಟಾಗುತ್ತೆ? 86ನ್ನ 0.88ರಿಂದ ಭಾಗಿಸ್ರಿ. ಸುಮಾರು 97.7 ಕೆಜಿ. ಅಂದ್ರೆ ಖರೀದಿದಾರನಿಗೆ ನಿಜವಾಗಿ ಆಗೋ ನಷ್ಟ ಎರಡೂಕಾಲು ಕೆಜಿಯಷ್ಟು. ಕ್ವಿಂಟಲ್‌ಗೆ 8,000 ರೂಪಾಯಿ ದರ ಹಿಡಿದರೆ ಅದು ಸುಮಾರು 180 ರೂಪಾಯಿ. ಒಣಗಿಸೋ ಕೂಲಿ, ಜಾಗ ಅಂತ ಸ್ವಲ್ಪ ಸೇರಿಸ್ರಿ, ನ್ಯಾಯ.

ಈಗ ಮೀಟರ್ ಇಲ್ಲದ, ಹಲ್ಲಲ್ಲಿ ಕಡಿಯೋ ಖರೀದಿದಾರ ಏನು ಮಾಡ್ತಾನೆ? ಅವನಿಗೆ ಮಾಲು 14 ಇದೆಯೋ 16 ಇದೆಯೋ ಖಾತ್ರಿ ಇಲ್ಲ. ಚೀಲದ ಮೇಲೊಂದು ಒಳಗೊಂದು ಇದ್ದರೆ ಅನ್ನೋ ಭಯ ಬೇರೆ. ಹಾಗಾಗಿ ಅವನು ಕೆಟ್ಟದ್ದನ್ನೇ ಊಹಿಸಿ 400 ರೂಪಾಯಿ ಕಡಿಮೆ ಕೂಗ್ತಾನೆ. ಅವನು ಮೋಸಗಾರ ಆಗಿರಬೇಕಂತೇನಿಲ್ಲ. ತನ್ನ ಗಂಟು ಕಾಯ್ದುಕೊಳ್ತಿದ್ದಾನೆ ಅಷ್ಟೇ. ಆದರೆ 180ಕ್ಕೂ 400ಕ್ಕೂ ನಡುವಿನ ಆ 220 ರೂಪಾಯಿ ಇದೆಯಲ್ಲ, ಅದು ನೀರಿನ ಬೆಲೆ ಅಲ್ಲ. ಅದು ಅನುಮಾನದ ಬೆಲೆ. ಕೊಳ್ಳೋನ ಅನುಮಾನಕ್ಕೆ ಬೆಳೆದವನು ದಂಡ ಕಟ್ತಾನೆ.

ಫಾರ್ಗೋ ಶಾಲೆಯ ಗುಟ್ಟು ಇಷ್ಟೇ ನೋಡ್ರಿ. ಕೊಳ್ಳೋರಿಗೆ ಮಾಲಿನ ಬಗ್ಗೆ ಗೊತ್ತಾದಷ್ಟೂ ಅನುಮಾನ ಕಡಿಮೆ ಆಗುತ್ತೆ, ಅನುಮಾನ ಕಡಿಮೆ ಆದಷ್ಟೂ ಬೆಲೆ ಮೇಲೇಳುತ್ತೆ.

ಮಿಲ್ಲಿನ ಒಳಗೆ

ಖರೀದಿ ಆಯ್ತು. ಈಗ ಮಿಲ್ಲಿನ ಬಾಗಿಲಿಗೆ ಬರೋಣ. ಕಲಬುರಗಿ ಸುತ್ತ ಬೇಳೆ ಮಿಲ್ಲು ಎಷ್ಟಿವೆ ಅಂತ ಆ ದಾರಿಯಲ್ಲಿ ಓಡಾಡಿದವರಿಗೆ ನಾನು ಹೇಳಬೇಕಿಲ್ಲ. ಆದರೆ ತೊಗರಿಯನ್ನ ಬೇಳೆ ಮಾಡೋದು ಎಷ್ಟು ಕಷ್ಟ ಅಂತ ನಮ್ಮಲ್ಲಿ ತುಂಬಾ ಜನರಿಗೆ ಗೊತ್ತಿಲ್ಲ.

ತೊಗರಿಯ ಸಿಪ್ಪೆ ಮಹಾ ಹಟಮಾರಿ. ಸಿಪ್ಪೆಗೂ ಒಳಗಿನ ಬೇಳೆಗೂ ನಡುವೆ ಅಂಟಿನ ಪದರ ಇರುತ್ತೆ. ಕಡಲೆ ಥರ ಸುಲಭಕ್ಕೆ ಬಿಡಲ್ಲ. ಅದಕ್ಕೇ ಮೊದಲು ಕಾಳು ಸ್ವಚ್ಛ ಮಾಡಿ, ಗಾತ್ರದ ಪ್ರಕಾರ ಬೇರೆ ಮಾಡಿ, ಒರಟು ರೋಲರ್ ಮೇಲೆ ಹಾಯಿಸಿ ಸಿಪ್ಪೆಗೆ ಗೀರು ಬೀಳಿಸ್ತಾರೆ. ಆಮೇಲೆ ಎಣ್ಣೆ ಸವರಿ ಇಡ್ತಾರೆ, ಬಿಸಿಲಿಗೆ ಹರಡ್ತಾರೆ, ನೀರು ಚಿಮುಕಿಸಿ ಮತ್ತೆ ರಾಶಿ ಹಾಕ್ತಾರೆ. ಅದಾದ ಮೇಲೆ ಸಿಪ್ಪೆ ತೆಗೆದು ಒಡೆಯೋದು. ಒಂದೇ ಸಲಕ್ಕೆ ಮುಗಿಯಲ್ಲ, ಮತ್ತೆ ಮತ್ತೆ ಹಾಯಿಸಬೇಕು. ಪ್ರತಿ ಸಲಾನೂ ಸ್ವಲ್ಪ ನುಚ್ಚು, ಸ್ವಲ್ಪ ಪುಡಿ. ಅದು ದನದ ಹಿಂಡಿಗೆ ಹೋಗುತ್ತೆ.

ಕಾಳಿನಲ್ಲಿ ಸಿಪ್ಪೆ ಇರೋದು ಶೇ. 15ರ ಒಳಗೆ. ಹಾಗಾದರೆ ಕ್ವಿಂಟಲ್‌ಗೆ 85 ಕೆಜಿ ಬೇಳೆ ಬರಬೇಕಲ್ಲ? ಬರಲ್ಲ. ಹಳೇ ಪದ್ಧತಿಯಲ್ಲಿ 65ರಿಂದ 70 ಕೆಜಿ, ಸುಧಾರಿತ ಪದ್ಧತಿಯಲ್ಲಿ 75ರ ಆಸುಪಾಸು. ನಮ್ಮದೇ ಮೈಸೂರಿನ ಸಿಎಫ್‌ಟಿಆರ್‌ಐ ಬಿಸಿಗಾಳಿಯಿಂದ ಕಾಳು ಹದ ಮಾಡೋ ವಿಧಾನ ಕಂಡುಹಿಡಿದು, ಬಿಸಿಲು ಕಾಯೋ ಕೆಲಸ ತಪ್ಪಿಸಿತು. ಊರಲ್ಲೇ ನಡೆಸಬಹುದಾದ ಮಿನಿ ದಾಲ್ ಮಿಲ್ಲನ್ನೂ ರೂಪಿಸಿ ಕೊಟ್ಟಿದೆ.

ಮತ್ತೆ ಲೆಕ್ಕ. ಒಂದು ಮಿಲ್ಲು ದಿನಕ್ಕೆ 100 ಕ್ವಿಂಟಲ್ ತೊಗರಿ ಒಡೆಯುತ್ತೆ ಅನ್ನಿ. ಹದ ಮಾಡೋದನ್ನ ಸರಿಯಾಗಿ ಕಲಿತು ಕ್ವಿಂಟಲ್‌ಗೆ ಬರೀ 3 ಕೆಜಿ ಬೇಳೆ ಜಾಸ್ತಿ ತೆಗೆದರೂ ದಿನಕ್ಕೆ 300 ಕೆಜಿ. ಕೆಜಿಗೆ 110 ರೂಪಾಯಿ ಹಿಡಿದರೆ 33,000 ರೂಪಾಯಿ. ನುಚ್ಚು, ಹೊಟ್ಟಿನಿಂದ ಬರ್ತಿದ್ದ ದುಡ್ಡು ಸ್ವಲ್ಪ ಕಳೀರಿ, ಆದರೂ ಸಣ್ಣ ಮೊತ್ತ ಅಲ್ಲ. ತನ್ನ ಯಂತ್ರದಿಂದ 74 ಕೆಜಿ ಬರುತ್ತೆ ಅಂತ ಗೊತ್ತಿರೋ ಮಿಲ್ಲಿನವನು ಗಂಜ್‌ನಲ್ಲಿ ಧೈರ್ಯವಾಗಿ ರೇಟ್ ಕೂಗಬಲ್ಲ. 69ರಲ್ಲಿ ಕುಂಟ್ತಿರೋನು ಹಾಗೆ ಕೂಗಲಾರ. ಮಿಲ್ಲಿನ ಜಾಣತನ ರೈತನ ಚೀಲದವರೆಗೂ ಬರೋದು ಈ ದಾರಿಯಲ್ಲಿ. ತನ್ನಿಂತಾನೇ ಬರುತ್ತೆ ಅಂತ ಅಲ್ಲ. ಜೋರಾಗಿ ಕೂಗೋ ಮಿಲ್ಲಿನವರು ನಾಲ್ಕೈದು ಜನ ಇದ್ದು ಪೈಪೋಟಿ ಇದ್ದರೆ ಬರುತ್ತೆ.

ಹಡಗಿನಲ್ಲಿ ಬರೋ ತೊಗರಿ

"ನಮ್ಮ ತೊಗರಿಗೆ ಪಾಠ ಯಾಕೆ ಬೇಕು, ಜಗತ್ತಿಗೇ ಗೊತ್ತು" ಅನ್ನೋರಿಗೆ ಒಂದು ಮಾತು. ಮುಂಬೈ ಪೇಟೆಯ ಧಾರಣೆ ಪಟ್ಟಿ ತೆಗೆದು ನೋಡ್ರಿ. ಮ್ಯಾನ್ಮಾರ್‌ದು ಲೆಮನ್, ಟಾಂಜಾನಿಯಾದ್ದು ಅರೂಷಾ, ಮಟವಾರಾ, ಮೊಜಾಂಬಿಕ್‌ದು ಗಜರಿ. ಸಮುದ್ರ ದಾಟಿ ಬಂದ ತೊಗರಿಗೆ ಒಂದೊಂದಕ್ಕೂ ಹೆಸರಿದೆ, ಹೆಸರಿನ ಹಿಂದೆ ಗುಣ ಇದೆ, ಗುಣಕ್ಕೆ ತಕ್ಕ ರೇಟ್ ಇದೆ. ಕೊಳ್ಳೋನಿಗೆ ಏನು ಬರುತ್ತೆ ಅಂತ ಮೊದಲೇ ಗೊತ್ತು.

ಈ ಆಮದಿನ ಕಥೆ ನಮ್ಮ ಹೊಲದ ಕಥೆನೇ. 2015ರಲ್ಲಿ ಮಳೆ ಕೈಕೊಟ್ಟು ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿದ್ದು ನೆನಪಿರಬೇಕು. ಮರುವರ್ಷ, 2016ರ ಜುಲೈನಲ್ಲಿ ಭಾರತ ಮೊಜಾಂಬಿಕ್ ಜೊತೆ ತೊಗರಿ ಖರೀದಿಗೆ ಒಪ್ಪಂದ ಮಾಡಿಕೊಂಡಿತು. ಅದೇ ಹಂಗಾಮಿನಲ್ಲಿ ಇಲ್ಲೂ ಬಂಪರ್ ಬೆಳೆ. ದೇಶದ ತೊಗರಿ ಉತ್ಪಾದನೆ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್‌ಗೆ ಜಿಗಿಯಿತು. ಬೆಲೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು ನಿಂತದ್ದನ್ನ ಈ ಕಡೆ ಯಾರೂ ಮರೆತಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಆಗ ಏನಾಯ್ತು ಗೊತ್ತಾ? ಭಾರತವನ್ನೇ ನಂಬಿ ತೊಗರಿ ಬಿತ್ತಿದ್ದ ಮೊಜಾಂಬಿಕ್, ಟಾಂಜಾನಿಯಾದ ಸಣ್ಣ ರೈತರ ಬೆಲೆ ನೆಲಕಚ್ಚಿತು. ಅಲ್ಲಿನ ರೈತನೂ ನಮ್ಮ ಹಾಗೇ ಎರಡು ಮೂರು ಎಕರೆಯವನು. 2021ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಇನ್ನು ಕೆನಡಾದ ಹಳದಿ ಬಟಾಣಿ. 2023ರ ಡಿಸೆಂಬರ್‌ನಲ್ಲಿ ಅದರ ಮೇಲಿನ ಸುಂಕ ತೆಗೆದರು. ಅಗ್ಗದ ಬಟಾಣಿ ಹಡಗುಗಟ್ಟಲೆ ಬಂದು ಕಡಲೆಬೇಳೆ, ಕಡಲೆಹಿಟ್ಟಿನ ಜಾಗಕ್ಕೆ ನುಗ್ಗಿತು, ತೊಗರಿ ಬೆಲೆಯನ್ನೂ ಎಳೀತು. 2025ರ ನವೆಂಬರ್‌ನಿಂದ ಶೇ. 30 ಸುಂಕ ಹಾಕಿದರು. ಸುಂಕ ಹಾಕೋದು, ತೆಗೆಯೋದು ದಿಲ್ಲಿಯ ಕೈಯಲ್ಲಿದೆ. ಅದರ ಬಗ್ಗೆ ಹೋರಾಟ ಬೇಕು, ನಡೀತಾನೂ ಇದೆ. ಆದರೆ ಗ್ರಾಹಕ ತೊಗರಿ ಬಿಟ್ಟು ಬಟಾಣಿಗೆ ಹೋಗದ ಹಾಗೆ ಅವನಿಗೆ ತೊಗರಿಯ ರುಚಿ, ಗುಣ ಹೇಳಿಕೊಡೋದು ನಮ್ಮ ಕೈಯಲ್ಲೇ ಇದೆ. ಬಟಾಣಿ ಬೆಳೆಯೋರು ಆ ಕೆಲಸ ಬಿಟ್ಟಿಲ್ಲ.

ಟ್ಯಾಗ್ ಸಿಕ್ಕಿತು, ಮುಂದೆ?

2019ರಲ್ಲಿ ನಮ್ಮ ತೊಗರಿ ಬೇಳೆಗೆ "ಗುಲ್ಬರ್ಗಾ ತೂರ್ ದಾಲ್" ಹೆಸರಲ್ಲಿ ಜಿಐ ಟ್ಯಾಗ್, ಅಂದ್ರೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಸ್ಟೇಟಸ್ ಹಾಕಿದೆವು, ಖುಷಿಪಟ್ಟೆವು. ಆದರೆ ಟ್ಯಾಗ್ ತಾನಾಗೇ ಮಾರಾಟ ಮಾಡಲ್ಲ. ಆ ಹೆಸರನ್ನ ಕಾನೂನು ಪ್ರಕಾರ ಬಳಸಬೇಕಾದರೆ ರೈತ, ಮಿಲ್ಲು, ರೈತ ಉತ್ಪಾದಕ ಕಂಪನಿ "ಅಧಿಕೃತ ಬಳಕೆದಾರ" ಅಂತ ನೋಂದಣಿ ಆಗಬೇಕು. ಎರಡನೇದು, ಕೊಳ್ಳೋನಿಗೆ ಅದರ ಅರ್ಥ ಗೊತ್ತಿರಬೇಕು.

ನಮ್ಮ ಕಪ್ಪು ಮಣ್ಣಿನ ಕ್ಯಾಲ್ಸಿಯಂ, ಪೊಟ್ಯಾಷಿಯಂನಿಂದ ಈ ಬೇಳೆಗೆ ಬೇರೆ ರುಚಿ ಅಂತ ಹೇಳ್ತಾರೆ. ಸರಿ. ಆದರೆ ಚೆನ್ನೈನ ಪ್ಯಾಕಿಂಗ್ ಕಂಪನಿಯವನು, ಬೆಂಗಳೂರಿನ ಹೋಟೆಲ್‌ನವನು, ದುಬೈನ ಕಿರಾಣಿ ಸಗಟು ವ್ಯಾಪಾರಿ ಕೇಳೋದು ಬೇರೆ. "ಕುಕ್ಕರ್‌ನಲ್ಲಿ ಎಷ್ಟು ನಿಮಿಷಕ್ಕೆ ಬೇಯುತ್ತೆ? ಕೆಜಿ ಬೇಳೆಗೆ ಎಷ್ಟು ಸಾಂಬಾರ್ ಏಳುತ್ತೆ? ಎಷ್ಟು ತಿಂಗಳು ಹುಳ ಬೀಳದೆ ಇರುತ್ತೆ?" ಇದಕ್ಕೆ ಅಂಕಿ ಬೇಕು, ಲ್ಯಾಬ್ ಹಾಳೆ ಬೇಕು, ಕಣ್ಣ ಮುಂದೆ ಬೇಯಿಸಿ ತೋರಿಸೋರು ಬೇಕು.

ಹೊರದೇಶದ ಕೊಳ್ಳೋರ ವಿಷಯದಲ್ಲಿ ನಾವು ಹಿಂದೆ ಬಿದ್ದಿರೋದಕ್ಕೆ ಒಂದು ಕಾರಣಾನೂ ಇದೆ. 2006ರಲ್ಲಿ ಬೇಳೆಕಾಳು ರಫ್ತು ನಿಷೇಧ ಆಯ್ತು. ತೊಗರಿಗೆ ಆ ನಿರ್ಬಂಧ ತೆಗೆದದ್ದು 2017ರ ಸೆಪ್ಟೆಂಬರ್‌ನಲ್ಲಿ. ಹನ್ನೊಂದು ವರ್ಷ ಹೊರಗಿನ ಗಿರಾಕಿ ಜೊತೆ ಮಾತೇ ಇಲ್ಲದಿದ್ದರೆ ಅವನು ನಮ್ಮನ್ನ ಮರೀದೆ ಇರ್ತಾನಾ?

ಮೂರು ದಿನದ ಕೋರ್ಸ್

ಹಾಗಾದರೆ ಏನು ಮಾಡಬಹುದು? ನನ್ನ ಪ್ರಸ್ತಾಪ ಸರಳ. ಪ್ರತಿ ಜನವರಿ, ರಾಶಿ ನಡೆಯೋ ಹೊತ್ತಿಗೆ, ಕಲಬುರಗಿಯಲ್ಲಿ ತೊಗರಿ ಕೊಳ್ಳೋರಿಗೆ ಮೂರು ದಿನದ ಕೋರ್ಸ್.

ಮೊದಲ ದಿನ ಅಫಜಲಪುರ ಅಥವಾ ಆಳಂದದ ಹೊಲ. ಮಳೆ ನಂಬಿದ ಹೊಲದಲ್ಲಿ ಆರು ತಿಂಗಳ ಬೆಳೆ ಹೇಗೆ ನಿಲ್ಲುತ್ತೆ, ಗುಳ್ಯಾಳಕ್ಕೂ ಮಾರುತಿಗೂ ಕಾಳಿನಲ್ಲಿ ಏನು ವ್ಯತ್ಯಾಸ ಅಂತ ನೋಡಲಿ. ಎರಡನೇ ದಿನ ಗಂಜ್ ಮತ್ತು ಲ್ಯಾಬ್. ಇಪ್ಪತ್ತು ಚೀಲ ಇದ್ದರೆ ಮೇಲಿನ ಒಂದರಿಂದ ಮುಷ್ಟಿ ತೆಗೆಯೋದು ಮಾದರಿ ಅಲ್ಲ. ಬೇರೆ ಬೇರೆ ಚೀಲದ ಮೇಲೆ, ನಡು, ತಳದಿಂದ ತೆಗೆದು, ಕಲಸಿ, ನಾಲ್ಕು ಪಾಲು ಮಾಡಿ, ಅದರಲ್ಲಿ ಅಳೆಯಬೇಕು ಅನ್ನೋದನ್ನ ಕೈಯಾರೆ ಮಾಡಲಿ. ಮೂರನೇ ದಿನ ಮಿಲ್ಲು ಮತ್ತು ಅಡುಗೆ ಮನೆ. ಒಡೆದ ಬೇಳೆ ಅಲ್ಲೇ ಬೇಯಲಿ, ನಮ್ಮ ಅಕ್ಕಂದಿರು ಮಾಡಿದ ಬ್ಯಾಳಿ ಜೋಳದ ರೊಟ್ಟಿ ಜೊತೆ ಉಣ್ಣಲಿ, ಆಮೇಲೆ ಒಪ್ಪಂದದ ಹಾಳೆ ಮೇಲೆ ಕೂರಲಿ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಕಲಬುರಗಿಯಲ್ಲಿ ತೊಗರಿ ಅಭಿವೃದ್ಧಿ ಮಂಡಳಿ ಇದೆ, ಕೃಷಿ ಸಂಶೋಧನಾ ಕೇಂದ್ರ ಇದೆ, ಎಪಿಎಂಸಿ ಇದೆ, ಮಿಲ್ಲುಗಳಿವೆ. ಒಬ್ಬರನ್ನೊಬ್ಬರು ಒಂದೇ ಮೇಜಿಗೆ ಕರೆಯೋರು ಬೇಕು. ರಾಜ್ಯ ಸರ್ಕಾರ 2025ರ ಜನವರಿಯಲ್ಲಿ 7,550 ರೂಪಾಯಿಯ ಬೆಂಬಲ ಬೆಲೆ ಮೇಲೆ 450 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಒಳ್ಳೆಯದೇ. ಆದರೆ ಪ್ರೋತ್ಸಾಹಧನ ಆ ವರ್ಷಕ್ಕೆ ಮುಗಿಯುತ್ತೆ. ಕಲಿತ ಖರೀದಿದಾರ ಮುಂದಿನ ವರ್ಷಾನೂ ಬರ್ತಾನೆ.

ನಿಮಗೆ ಒಂದು ಪ್ರಶ್ನೆ ಬಂದಿರಬೇಕು: ಕೊಳ್ಳೋನು ಜಾಣ ಆದರೆ ನಮ್ಮನ್ನೇ ಇನ್ನೂ ಹಿಂಡಲ್ವಾ? ಹಿಂಡಬಹುದು, ನಾವು ದಡ್ಡರಾಗಿಯೇ ಉಳಿದರೆ. ಅದಕ್ಕೇ ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ನಮ್ಮ ಹುಡುಗರೂ ಕೂರಬೇಕು. ಅಳತೆ ಇಬ್ಬರಿಗೂ ಒಂದೇ ಆಗಬೇಕು. ಇಬ್ಬರೂ ನೋಡೋ ಮೀಟರ್ ಒಂದೇ ಆದಾಗ ಜಗಳ ರೇಟಿನ ಬಗ್ಗೆ ನಡೆಯುತ್ತೆ, ಅನುಮಾನದ ಬಗ್ಗೆ ಅಲ್ಲ.

ಮುಗಿಸೋ ಮುಂಚೆ ಕೇಳೋರಿಗೆ ಮೂರು ಕೆಲಸ. ಒಂದು, ಈ ಸಲ ಮನೆ ತೊಗರಿ ಮಾರೋಕೆ ಹೋದಾಗ ಅಪ್ಪನ ಜೊತೆ ಹೋಗ್ರಿ. "ತೇವಾಂಶ ಎಷ್ಟು ಬಂತು, ಮೀಟರ್‌ನಲ್ಲಿ ತೋರಿಸ್ರಿ ಅಣ್ಣಾ" ಅಂತ ಮರ್ಯಾದೆಯಿಂದ ಕೇಳ್ರಿ, ಫೋಟೋ ತೆಗೆದು ಇಟ್ಕೊಳ್ಳಿ. ಎರಡು, ನಿಮ್ಮೂರಲ್ಲಿ ರೈತ ಉತ್ಪಾದಕ ಕಂಪನಿ ಇದ್ದರೆ ಜಿಐ ಅಧಿಕೃತ ಬಳಕೆದಾರ ಆಗಿದೆಯಾ ಅಂತ ವಿಚಾರಿಸ್ರಿ. ಮೂರು, ನನ್ನ ಹಾಗೆ ಬಿಕಾಂ ಮಾಡಿ ಮುಂದೇನು ಅಂತ ಕೂತಿದ್ದರೆ, ಧಾನ್ಯದ ಗುಣಮಟ್ಟ ಅಳೆಯೋದು, ಖರೀದಿ ಒಪ್ಪಂದ ಬರೆಯೋದು ಕಲೀರಿ. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯೋರು ಬೇಕಾದಷ್ಟು ಇದ್ದಾರೆ. ಈ ಕೆಲಸ ಬಲ್ಲವರು ಕಡಿಮೆ.

ನಿಮ್ಮ ಊರಿನ ಗಂಜ್‌ನಲ್ಲಿ ಮಾದರಿ ಹೇಗೆ ತೆಗೀತಾರೆ, ಮೀಟರ್ ಬಳಸ್ತಾರಾ ಇಲ್ವಾ, ಒಂದು ನಿಮಿಷದ ವಾಯ್ಸ್ ನೋಟ್ ಕಳಿಸ್ರಿ. ಜೇವರ್ಗಿಯವರು, ಆಳಂದದವರು, ಗಡಿಯಾಚೆ ಅಕ್ಕಲಕೋಟೆಯವರು, ಎಲ್ಲರ ಮಾತೂ ಮುಂದಿನ ಸಂಚಿಕೆಯಲ್ಲಿ ಸೇರಿಸ್ತೀನಿ. ಮಿಲ್ಲಿನವರು, ಅಡತಿಯವರು ಕೇಳ್ತಿದ್ದರೆ ನೀವೂ ಮಾತಾಡ್ರಿ, ನಿಮ್ಮ ಲೆಕ್ಕಾನೂ ಜನರಿಗೆ ಗೊತ್ತಾಗಲಿ.